ಅತ್ತೆ, ಸೊಸೆ, ನಾದಿನಿ, ಮಗಳು: ಆಸ್ಟಿಯೋಪತಿ ಯಾರಿಗೆ, ಎಷ್ಟರ ಮಟ್ಟಿಗೆ?

ಪ್ರಶ್ನೆ: ನನಗೆ 38 ವರ್ಷ. ರಾಜಾಜಿನಗರದಲ್ಲಿ ಮನೆ, ಹೊರವರ್ತುಲ ರಸ್ತೆಯಲ್ಲಿ ಕಚೇರಿ. ಐದು ವರ್ಷದ ಹಿಂದೆ ಎರಡನೆಯ ಹೆರಿಗೆ ಸಿಸೇರಿಯನ್ ಆಯಿತು. ಅಂದಿನಿಂದ ಸೊಂಟನೋವು ಬಿಟ್ಟಿಲ್ಲ. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಹೀಗಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಪಕ್ಕದ ಮನೆಯ ಅಕ್ಕ ಆಸ್ಟಿಯೋಪತಿ ಮಾಡಿಸಿಕೊಂಡು ಗುಣವಾದರಂತೆ. ಅವರು ಹೋದ ಕಡೆ ವಿಚಾರಿಸಿದರೆ, ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಹಣ ಕಟ್ಟಿ, ಮನೆಯ ಹೆಂಗಸರೆಲ್ಲ ಬಂದರೆ ರಿಯಾಯಿತಿ ಇದೆ, ಪಿಸಿಒಡಿ ಕೂಡ ಹೋಗುತ್ತದೆ ಎಂದರು. ನಮ್ಮ ಅತ್ತೆಗೆ 64, ಬೆನ್ನು ಬಾಗುತ್ತಿದೆ. ನಾದಿನಿಗೆ ಏಳು ತಿಂಗಳು, ಹೆರಿಗೆಗೆ ಇಲ್ಲಿಗೇ ಬಂದಿದ್ದಾಳೆ. ಹದಿನಾಲ್ಕರ ಮಗಳಿಗೆ ಮುಟ್ಟಿನ ಹೊಟ್ಟೆನೋವು; ಲಂಗದ ಅಳತೆ ತೆಗೆಯುವಾಗ ಒಂದು ಭುಜ ತಗ್ಗಿದೆ ಎಂದು ಟೈಲರ್ ಬೇರೆ ಹೇಳಿದರು. ನಾಲ್ವರಿಗೂ ಇದು ಆಗುತ್ತದೆಯೇ? ಹೇಳಲು ಸಂಕೋಚ, ಆದರೂ ಬರೆಯುತ್ತಿದ್ದೇನೆ: ಸೀನಿದಾಗ ನನಗೆ ಒಂದೆರಡು ಹನಿ ಮೂತ್ರ ಸೋರುತ್ತದೆ.

ಉತ್ತರ: ಮೊದಲು ಹಣದ ಮಾತು ಮುಗಿಸೋಣ. ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಬೇಡಿ. ನಿಮ್ಮನ್ನು ಒಂದು ಸಲವೂ ಪರೀಕ್ಷಿಸದೆ ಎಷ್ಟು ಸಲ ಬರಬೇಕೆಂದು ಹೇಳುವವರಿಗೆ ನಿಮ್ಮ ನೋವಿನ ಬಗ್ಗೆ ಇನ್ನೂ ಏನೂ ತಿಳಿದಿಲ್ಲ. ನಾಲ್ಕು ಹೆಂಗಸರ ನಾಲ್ಕು ಬೇರೆ ಬೇರೆ ತೊಂದರೆಗಳಿಗೆ ಒಂದೇ ದರಪಟ್ಟಿ ಹಿಡಿಯುವುದು ಚಿಕಿತ್ಸೆಯ ಕ್ರಮವಲ್ಲ.

ನಾನು ಫಿಸಿಯೋಥೆರಪಿ ಓದಿ, ಆಮೇಲೆ ಆಸ್ಟಿಯೋಪತಿ ಕಲಿತು, ಬೆಂಗಳೂರಿನಲ್ಲಿಯೇ ಹಲವು ವರ್ಷಗಳಿಂದ ಹೆಂಗಸರ ಸೊಂಟ, ಬೆನ್ನು, ಕಿಬ್ಬೊಟ್ಟೆಯ ನೋವುಗಳನ್ನು ನೋಡುತ್ತಿರುವವಳು. ಈ ವಿದ್ಯೆಯ ಮೇಲೆ ನನಗೆ ಪ್ರೀತಿಯಿದೆ. ಅದಕ್ಕೇ ಅದರ ಹೆಸರಿನಲ್ಲಿ ಸುಳ್ಳು ಭರವಸೆ ಕೊಡುವುದನ್ನು ಕಂಡರೆ ಸಂಕಟವಾಗುತ್ತದೆ. ಇದು ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಆಸ್ಟಿಯೋಪತಿ ಎಂದರೆ ಕೈಯಿಂದ ಮಾಡುವ ಚಿಕಿತ್ಸೆ. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಇದನ್ನು ಜನರ ಮುಂದಿಟ್ಟರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಮೊದಲ ಶಾಲೆ ತೆರೆದರು. ಹೆಂಗಸರಿಗೆ ವೈದ್ಯ ಶಿಕ್ಷಣ ಸುಲಭವಾಗಿ ಸಿಗದಿದ್ದ ಆ ಕಾಲದಲ್ಲಿ ಅಲ್ಲಿನ ಮೊದಲ ತರಗತಿಯಲ್ಲೇ ಮಹಿಳೆಯರಿದ್ದರು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಇಂದು ಅಮೆರಿಕದಲ್ಲಿ ಆಸ್ಟಿಯೋಪತಿ ಪದವೀಧರರು ಔಷಧಿ, ಶಸ್ತ್ರಚಿಕಿತ್ಸೆ ಎರಡನ್ನೂ ಮಾಡಬಲ್ಲ ಪೂರ್ಣ ವೈದ್ಯರು. ಬ್ರಿಟನ್‌ನಲ್ಲಿ 1993ರ ಕಾಯ್ದೆಯ ಪ್ರಕಾರ ನೋಂದಣಿಯಿಲ್ಲದೆ ಯಾರೂ ತಮ್ಮನ್ನು ಆಸ್ಟಿಯೋಪತ್ ಎಂದು ಕರೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಸ್ಥಿತಿ ಬೇರೆ. ಇದಕ್ಕೆಂದೇ ಪ್ರತ್ಯೇಕ ವೈದ್ಯಕೀಯ ಮಂಡಳಿ ಇಲ್ಲ, ಆಯುಷ್ ಪದ್ಧತಿಗಳ ಪಟ್ಟಿಯಲ್ಲೂ ಇದು ಸೇರಿಲ್ಲ. ಒಡಿಶಾದ ಶ್ರೀ ಶ್ರೀ ವಿಶ್ವವಿದ್ಯಾಲಯದಂಥ ಕಡೆ ಪದವಿ ಶಿಕ್ಷಣವಿದೆ. ಫಿಸಿಯೋಥೆರಪಿ ಓದಿದವರು ಹೆಚ್ಚಿನ ತರಬೇತಿ ಪಡೆದು ಮಾಡುವುದೂ ಉಂಟು. ಎರಡು ದಿನದ ಶಿಬಿರಕ್ಕೆ ಹೋಗಿ ಬಂದು ಬೋರ್ಡು ಹಾಕಿಕೊಂಡವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಮೂರೂ ಬೋರ್ಡು ಒಂದೇ ತರಹ ಕಾಣುತ್ತವೆ. ಆದ್ದರಿಂದ ಓದಿದ್ದೇನು, ಎಷ್ಟು ವರ್ಷ, ನೋಂದಣಿ ಯಾವುದು ಎಂದು ಫೋನಿನಲ್ಲೇ ಕೇಳಿ. ಹಾಗೆ ಕೇಳಿದಾಗ ಬೇಸರಪಟ್ಟುಕೊಳ್ಳುವವರ ಬಳಿ ಹೋಗುವ ಅಗತ್ಯವಿಲ್ಲ.

ಈಗ ನಿಮ್ಮ ವಿಷಯ. ಸಂಕೋಚಪಟ್ಟು ಕೊನೆಗೆ ಬರೆದಿರಲ್ಲ, ನಿಮ್ಮ ಪತ್ರದಲ್ಲಿ ಅದೇ ಮುಖ್ಯವಾದ ಸಾಲು. ಸೊಂಟನೋವಿಗೆಂದು ನನ್ನ ಬಳಿ ಬರುವ ತಾಯಂದಿರಲ್ಲಿ ಎಷ್ಟೋ ಜನ ಮೂರನೆಯ ಭೇಟಿಯಲ್ಲಿ, ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಾ, ಇದನ್ನು ಹೇಳುತ್ತಾರೆ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಅವರ ಅಮ್ಮ, ಅತ್ತೆ ಹೇಳಿರುತ್ತಾರೆ. ಇದು ಬಹಳ ಜನರಿಗೆ ಇರುವುದು ನಿಜ. ಆದರೆ ಜೀವನಪೂರ್ತಿ ಸಹಿಸಬೇಕು ಎಂಬುದು ನಿಜವಲ್ಲ. ಹೊರವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಏನು ಗತಿ ಎಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಹೊರಡುವವರನ್ನು ನೋಡಿದ್ದೇನೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬರುವ ಹೆಂಗಸರೂ ಹಾಗೆಯೇ ಬಾಯಾರಿಕೆ ಕಟ್ಟಿಕೊಂಡು ಹೊಲಿಗೆ ಯಂತ್ರದ ಮುಂದೆ ಕುಳಿತಿರುತ್ತಾರೆ. ನೀರು ಕಡಿಮೆಯಾದರೆ ಮೂತ್ರ ಗಾಢವಾಗುತ್ತದೆ, ಉರಿಯುತ್ತದೆ, ಸೋಂಕು ತಗಲುವ ಸಾಧ್ಯತೆಯೂ ಹೆಚ್ಚು. ಸೋರುವುದು ಮಾತ್ರ ನಿಲ್ಲುವುದಿಲ್ಲ.

ನಿಮ್ಮ ಹೊಟ್ಟೆಯ ಭಾಗವನ್ನು ಒಂದು ಕೊಡ ಎಂದುಕೊಳ್ಳಿ. ಮೇಲ್ಮುಚ್ಚಳ, ಎದೆಗೂ ಹೊಟ್ಟೆಗೂ ನಡುವಿನ ವಪೆ, ಅಂದರೆ ಉಸಿರಾಟದ ದೊಡ್ಡ ಸ್ನಾಯು. ಮುಂಭಾಗ ಮತ್ತು ಪಕ್ಕಗಳು, ಹೊಟ್ಟೆಯ ಸ್ನಾಯುಗಳು. ಹಿಂಭಾಗ, ಬೆನ್ನು. ತಳದಲ್ಲಿ, ಮೂತ್ರಕೋಶ ಮತ್ತು ಗರ್ಭಕೋಶವನ್ನು ಜೋಲಿಯಂತೆ ಹೊತ್ತಿರುವ ಸ್ನಾಯುಗಳು. ಉಸಿರು ಎಳೆದಾಗ ಮುಚ್ಚಳ ಕೆಳಗಿಳಿಯುತ್ತದೆ, ತಳವೂ ತುಸು ಇಳಿಯುತ್ತದೆ. ಬಿಟ್ಟಾಗ ಎರಡೂ ಏರುತ್ತವೆ. ಬಸಿರಿನಲ್ಲಿ ಮುಂಭಾಗ ತಿಂಗಳುಗಟ್ಟಲೆ ಹಿಗ್ಗಿ, ಸಿಸೇರಿಯನ್ನಿನಲ್ಲಿ ಅಲ್ಲೇ ಹೊಲಿಗೆ ಬಿದ್ದು, ಆಮೇಲೆ ಮಗುವನ್ನು ಯಾವಾಗಲೂ ಒಂದೇ ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿದ ಮೇಲೆ ಈ ಹೊಂದಾಣಿಕೆ ತಪ್ಪುತ್ತದೆ. ತಳ ಮಾಡಬೇಕಾದ ಕೆಲಸವನ್ನು ಬೆನ್ನು ಮಾಡತೊಡಗುತ್ತದೆ. ನಿಮ್ಮ ಸೊಂಟನೋವಿಗೂ ಆ ಎರಡು ಹನಿಗೂ ಇಲ್ಲಿ ನಂಟಿರುವ ಸಾಧ್ಯತೆ ಹೆಚ್ಚು.

ಬೆನ್ನಿಗೆ ಕೊಟ್ಟ ಇಂಜೆಕ್ಷನ್ ಮೇಲಿನ ಆರೋಪವನ್ನು ಇಲ್ಲಿಗೇ ಕೈಬಿಡಿ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವಿರಬಹುದು. ಆದರೆ ಅರಿವಳಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನುನೋವು ಇಬ್ಬರಲ್ಲೂ ಹೆಚ್ಚು ಕಡಿಮೆ ಒಂದೇ. ಇದನ್ನು ಒತ್ತಿ ಹೇಳಲು ಕಾರಣವಿದೆ: ಇಂಜೆಕ್ಷನ್‌ನಿಂದ ಬಂದದ್ದು ಎಂದು ನಂಬಿದವರು, ಆದದ್ದು ಆಯಿತು, ಇನ್ನೇನೂ ಮಾಡುವಂತಿಲ್ಲ ಎಂದು ಕೈಚೆಲ್ಲುತ್ತಾರೆ. ಸ್ನಾಯುಗಳ ಹೊಂದಾಣಿಕೆ ತಪ್ಪಿದ್ದರೆ ಅದನ್ನು ಮತ್ತೆ ಕಲಿಸಬಹುದು, ಐದು ವರ್ಷದ ನಂತರವೂ.

ಒಳ್ಳೆಯ ಆಸ್ಟಿಯೋಪತ್ ಬಳಿ ಮೊದಲ ಭೇಟಿ ಹೇಗಿರಬೇಕು ಎಂದು ಹೇಳುತ್ತೇನೆ. ಅರ್ಧ ಗಂಟೆಯಾದರೂ ಮಾತಿಗೇ ಹೋಗಬೇಕು: ಹೆರಿಗೆಗಳು, ಮುಟ್ಟು, ಮೂತ್ರ, ಮಲಬದ್ಧತೆ, ನಿದ್ದೆ, ತೂಕ, ಹಳೆಯ ಶಸ್ತ್ರಚಿಕಿತ್ಸೆ, ಈಗಿನ ಮಾತ್ರೆಗಳು. ಆಮೇಲೆ ನಿಲ್ಲಿಸಿ ನೋಡುವುದು, ಬಾಗಿಸಿ ನೋಡುವುದು. ನಾನಾದರೆ ಒಂದು ಕೈಯನ್ನು ಕೆಳಪಕ್ಕೆಲುಬಿನ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇಟ್ಟು, ಮಾಮೂಲಿನಂತೆ ಉಸಿರಾಡಿ ಎನ್ನುತ್ತೇನೆ. ಅನೇಕರ ಪಕ್ಕೆಲುಬು ಅಲುಗುವುದೇ ಇಲ್ಲ. ಭುಜ ಮಾತ್ರ ಏರಿಳಿಯುತ್ತದೆ. ಮಂಚದಿಂದ ಏಳಿ ಎಂದಾಗ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಮುಂದೆ ತಳ್ಳಿ ಏಳುತ್ತಾರೆ. ಮನೆಯಲ್ಲಿ ನೀರಿನ ಕ್ಯಾನ್ ಯಾರು ಎತ್ತುತ್ತಾರೆ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ‘ನಾನೇ’. 20 ಲೀಟರಿನ ಕ್ಯಾನ್ ಎಂದರೆ 20 ಕಿಲೋ. ಉಸಿರು ಕಟ್ಟಿ ಅದನ್ನು ಎತ್ತಿದಾಗ ಆ ಒತ್ತಡವೆಲ್ಲ ಸಡಿಲಗೊಂಡಿರುವ ತಳದ ಮೇಲೆ ಬೀಳುತ್ತದೆ. ಉಸಿರು ಬಿಡುತ್ತಾ ಎತ್ತಿ, ಕ್ಯಾನನ್ನು ಮೈಗೆ ಹತ್ತಿರ ಹಿಡಿಯಿರಿ, ಸಾಧ್ಯವಾದಷ್ಟು ದಿನ ಮನೆಯಲ್ಲಿ ಬೇರೆಯವರು ಎತ್ತಲಿ.

ನಮ್ಮ ಕೈ ಮಾಡುವ ಕೆಲಸವೇನು? ಬಿಗಿದುಕೊಂಡ ಸ್ನಾಯುಗಳನ್ನು ಸಡಿಲಿಸುತ್ತೇವೆ, ಗಡುಸಾದ ಕೀಲುಗಳನ್ನು ನಿಧಾನವಾಗಿ ಆಡಿಸುತ್ತೇವೆ, ಪೂರ್ತಿ ವಾಸಿಯಾದ ಹೊಲಿಗೆಯ ಸುತ್ತಲಿನ ಚರ್ಮವನ್ನು ಮೃದುವಾಗಿ ಸರಿಸುತ್ತೇವೆ. ಸೊಂಟನೋವಿಗೆ ಇದರಿಂದ ಉಪಯೋಗವಿದೆ. ಆದರೆ ‘ಸೊಂಟದ ಮೂಳೆ ಜಾರಿತ್ತು, ಕೂರಿಸಿದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೆನ್ನಿನ ಬುಡಕ್ಕೂ ಸೊಂಟದ ಮೂಳೆಗೂ ನಡುವಿನ ಕೀಲು ಚಲಿಸುವುದು ಕೆಲವೇ ಡಿಗ್ರಿ. ದಿನನಿತ್ಯದ ಓಡಾಟದಲ್ಲಿ ಅದು ಜಾರುವುದಿಲ್ಲ, ಆದ್ದರಿಂದ ಕೂರಿಸುವ ಮಾತೂ ಇಲ್ಲ. ಲಟಕ್ಕೆಂದು ಕೇಳುವ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಉಂಟಾಗುವುದರಿಂದ ಬರುತ್ತದೆ. ಉಳುಕು ತೆಗೆಸಲು ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯರು ಕಂಡಿದ್ದಾರೆ. ಅಲ್ಲಿಯೂ ಇಲ್ಲಿಯೂ ನೋವು ಇಳಿಯುವುದಕ್ಕೆ ಒಂದು ಕಾರಣ ಸಮಾನ: ಭರವಸೆಯ ಸ್ಪರ್ಶ ಸಿಕ್ಕಾಗ ನರಮಂಡಲ ಬಿಗಿಯನ್ನು ಸ್ವಲ್ಪ ಬಿಟ್ಟುಕೊಡುತ್ತದೆ. ಅದು ಕಡಿಮೆಯ ಮಾತಲ್ಲ. ನೋವು ಇಳಿದ ಆ ಕೆಲವು ದಿನಗಳಲ್ಲಿ ದೇಹಕ್ಕೆ ಹೊಸ ಚಲನೆ ಕಲಿಸದಿದ್ದರೆ ಮಾತ್ರ ನೋವು ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ಸೋರುವ ತೊಂದರೆಗಂತೂ ಮುಖ್ಯ ಮದ್ದು ವ್ಯಾಯಾಮವೇ. ತಳದ ಸ್ನಾಯುಗಳ ವ್ಯಾಯಾಮದ ಬಗೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2018ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯಲ್ಲಿ, ಕೆಮ್ಮಿದಾಗ ಸೀನಿದಾಗ ಸೋರುವ ತೊಂದರೆಯಿದ್ದು ವ್ಯಾಯಾಮ ಮಾಡಿದವರ ಪೈಕಿ ನೂರಕ್ಕೆ 56 ಜನ ಪೂರ್ತಿ ಗುಣವಾಯಿತು ಎಂದರು. ಮಾಡದವರಲ್ಲಿ ಹಾಗೆಂದವರು 6 ಜನ. ಇಷ್ಟು ಗಟ್ಟಿಯಾದ ಪುರಾವೆ ನನ್ನ ಕೈಚಿಕಿತ್ಸೆಗೆ ಈ ವಿಷಯದಲ್ಲಿ ಇಲ್ಲ. ಮಾಡುವ ಬಗೆ ಹೀಗೆ: ಮಲಗಿ, ಮೊಣಕಾಲು ಮಡಚಿ. ನಾಲ್ಕು ಜನರ ನಡುವೆ ಕುಳಿತಾಗ ಗಾಳಿ ಹೋಗದಂತೆ ತಡೆಯುತ್ತೀರಲ್ಲ, ಹಾಗೆ ಹಿಂದಿನಿಂದ ಆರಂಭಿಸಿ ಮುಂದಕ್ಕೆ, ಮೇಲಕ್ಕೆ ಎಳೆದುಕೊಳ್ಳಿ. ತೊಡೆ, ಪೃಷ್ಠ, ಹಲ್ಲು ಯಾವುದೂ ಬಿಗಿಯಬಾರದು. ಉಸಿರು ಆಡುತ್ತಿರಲಿ. ಐದಾರು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಬಿಡಿ. ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಒಂದು ಸಲಕ್ಕೆ ಎಂಟು ಹತ್ತು ಬಾರಿಯಂತೆ ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ವ್ಯಾಯಾಮ ಮಾಡಿದಾಗ ನೋವು ಹೆಚ್ಚಿದರೆ ನಿಮ್ಮ ಸ್ನಾಯು ಸಡಿಲವಾಗಿಲ್ಲ, ಬಿಗಿದುಕೊಂಡಿದೆ ಎಂದಿರಬಹುದು. ಆಗ ಈ ವಿಷಯದಲ್ಲೇ ತರಬೇತಿ ಪಡೆದ ಮಹಿಳಾ ಫಿಸಿಯೋಥೆರಪಿಸ್ಟ್ ನೋಡಬೇಕು. ಒಳಗಿನ ಪರೀಕ್ಷೆ ಅಗತ್ಯವೆಂದರೆ ಏಕೆ, ಹೇಗೆ ಎಂದು ಮೊದಲೇ ವಿವರಿಸಿ ನಿಮ್ಮ ಒಪ್ಪಿಗೆ ಪಡೆಯಬೇಕು. ಜೊತೆಗೆ ಇನ್ನೊಬ್ಬ ಹೆಂಗಸು ಇರಬೇಕು. ಅರ್ಧದಲ್ಲಿ ಬೇಡವೆನ್ನುವ ಹಕ್ಕೂ ನಿಮಗಿದೆ. ಕೆಳಗೆ ಏನೋ ಜಾರಿದಂತೆ, ಗಂಟು ಸಿಕ್ಕಿದಂತೆ ಅನ್ನಿಸಿದರೆ ಗರ್ಭಕೋಶ ಇಳಿದಿದೆಯೇ ಎಂದು ಸ್ತ್ರೀರೋಗ ತಜ್ಞರು ಮೊದಲು ನೋಡಲಿ.

ಇನ್ನೊಂದನ್ನು ನೀವೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡಲಾಗಿಟ್ಟು, ತಲೆಯನ್ನು ತುಸು ಎತ್ತಿ. ಎರಡು ಸ್ನಾಯುಪಟ್ಟಿಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಅಗಲದ ತಗ್ಗು ಸಿಕ್ಕರೆ, ಬಸಿರಿನಲ್ಲಿ ಬೇರೆಯಾದ ಹೊಟ್ಟೆಯ ಸ್ನಾಯುಗಳು ಪೂರ್ತಿ ಹತ್ತಿರ ಬಂದಿಲ್ಲ ಎಂದರ್ಥ. ಹಾಗಿದ್ದರೆ ಹೊಟ್ಟೆ ಕರಗಿಸಲು ಮೊಬೈಲ್ ನೋಡಿಕೊಂಡು ಮಾಡುವ ಎದ್ದು ಕೂರುವ ವ್ಯಾಯಾಮವನ್ನು ಸದ್ಯ ನಿಲ್ಲಿಸಿ.

ಪಿಸಿಒಡಿ ವಿಷಯ ಕೇಳಿದ್ದೀರಿ. ಅದು ಹಾರ್ಮೋನು ಮತ್ತು ಇನ್ಸುಲಿನ್‌ಗೆ ಸಂಬಂಧಿಸಿದ ಸಮಸ್ಯೆ. ಹೊಟ್ಟೆಯನ್ನು ಒತ್ತುವುದರಿಂದ ಅಂಡಾಶಯದ ಕೆಲಸ ಬದಲಾಗುವುದಿಲ್ಲ. ಬಂಜೆತನ, ಗರ್ಭಕೋಶದ ಗಡ್ಡೆ, ಥೈರಾಯ್ಡ್ ಇವುಗಳಿಗೂ ಇದೇ ಮಾತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವೃತ್ತಿಗೆ ಬಂದ ಹೊಸತರಲ್ಲಿ ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಸೊಂಟನೋವಿಗೆಂದು ಬಂದಳು. ನಾಲ್ಕು ಸಲ ಚಿಕಿತ್ಸೆ ಕೊಟ್ಟೆ, ಪ್ರತಿ ಸಲವೂ ಹತ್ತು ದಿನ ಚೆನ್ನಾಗಿದ್ದು ಮತ್ತೆ ನೋವು ಬರುತ್ತಿತ್ತು. ಐದನೆಯ ಸಲ ಅವಳು ಡೈರಿ ತಂದಿದ್ದಳು. ನೋವಿನ ದಿನಗಳು ಮುಟ್ಟಿನ ದಿನಗಳೇ ಆಗಿದ್ದವು. ಮಲವಿಸರ್ಜನೆಗೂ ನೋವಿತ್ತು, ನಾನು ಕೇಳಿರಲಿಲ್ಲ. ಅದು ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ. ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಪತ್ತೆಯಾಗುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಅವಳ ಆ ವರ್ಷಗಳಲ್ಲಿ ಮೂರು ತಿಂಗಳು ನನ್ನಿಂದ ಸೇರಿತು. ಆ ದಿನದಿಂದ ಸೊಂಟನೋವಿನ ಯಾವ ಹೆಣ್ಣುಮಗಳಿಗೂ ಮುಟ್ಟಿನ ಬಗ್ಗೆ ಕೇಳದೆ ನಾನು ಕೈ ಹಾಕುವುದಿಲ್ಲ.

ನಿಮ್ಮ ಮಗಳ ವಿಷಯಕ್ಕೂ ಇದನ್ನು ನೆನಪಿಡಿ. ಮುಟ್ಟು ಆರಂಭವಾದ ಮೊದಲ ಎರಡು ಮೂರು ವರ್ಷ ದಿನ ಹೆಚ್ಚು ಕಡಿಮೆಯಾಗುವುದು ಸಹಜ. ಅದಕ್ಕೆ ಪಿಸಿಒಡಿ ಎಂದು ಹೆಸರಿಟ್ಟು ಹೆದರಿಸಬೇಡಿ. ಹೊಟ್ಟೆನೋವು ಬರುವುದು ಗರ್ಭಕೋಶ ಬಿಡುಗಡೆ ಮಾಡುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ. ಬಿಸಿನೀರಿನ ಚೀಲ, ವೈದ್ಯರು ಸೂಚಿಸಿದ ನೋವಿನ ಮಾತ್ರೆಯನ್ನು ನೋವು ಏರುವ ಮೊದಲೇ ತೆಗೆದುಕೊಳ್ಳುವುದು, ವಾರಕ್ಕೆ ಮೂರು ದಿನವಾದರೂ ಚೆನ್ನಾಗಿ ಮೈ ದಣಿಸುವ ಆಟ ಅಥವಾ ವ್ಯಾಯಾಮ, ಇವು ಕೆಲಸ ಮಾಡುತ್ತವೆ. ಬೆನ್ನುಮೂಳೆಯನ್ನು ಲಟಕಾಯಿಸುವುದರಿಂದ ಮುಟ್ಟಿನ ನೋವು ಹೋಗುತ್ತದೆ ಎಂಬುದಕ್ಕೆ ನಂಬತಕ್ಕ ಪುರಾವೆ ಇಲ್ಲ. ಮಾತ್ರೆ ಕೊಟ್ಟರೂ ಪ್ರತಿ ತಿಂಗಳು ಶಾಲೆ ತಪ್ಪುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ, ಮದುವೆಯಾಗದ ಹುಡುಗಿ ಎಂದು ಹಿಂಜರಿಯಬೇಡಿ. ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ.

ಟೈಲರ್ ಕಣ್ಣು ಬಹಳ ಸಲ ಸರಿಯಾಗಿಯೇ ಹೇಳುತ್ತದೆ. ಮಗಳನ್ನು ಪಾದ ಜೋಡಿಸಿ ನಿಲ್ಲಿಸಿ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಾಗಿಸಿ, ಹಿಂದಿನಿಂದ ನೋಡಿ. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಉಬ್ಬಿದ್ದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿರಬಹುದು. ಮೂಳೆ ತಜ್ಞರು ಎಕ್ಸ್‌ರೇ ತೆಗೆಸಿ ಕೋನ ಅಳೆಯುತ್ತಾರೆ: 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್, ಇನ್ನೂ ಬೆಳೆಯುತ್ತಿರುವ ಹುಡುಗಿಗೆ 25 ದಾಟಿದರೆ ಸಾಮಾನ್ಯವಾಗಿ ಬೆನ್ನಿಗೆ ಆಸರೆಯ ಪಟ್ಟಿ (ಬ್ರೇಸ್) ಹಾಕುವ ಯೋಚನೆ. ಹುಡುಗಿಯರಲ್ಲಿ ಈ ಬಾಗು ಹೆಚ್ಚುವ ಸಂಭವ ಹುಡುಗರಿಗಿಂತ ಬಹಳ ಜಾಸ್ತಿ. ಸಿಟ್ಟಿಂಗ್‌ಗಳಲ್ಲಿ ತಿಂಗಳು ಕಳೆದರೆ ಪಟ್ಟಿ ಹಾಕಬೇಕಾದ ಸಮಯ ಮೀರಿಹೋಗುತ್ತದೆ. ನನ್ನ ಕೈಯಿಂದ ಬಾಗಿದ ಬೆನ್ನುಮೂಳೆ ನೆಟ್ಟಗಾಗುವುದಿಲ್ಲ. ಶಾಲೆಯ ಚೀಲದಿಂದ ಇದು ಬರುವುದಿಲ್ಲ, ಆದರೂ ಚೀಲದ ಭಾರ ಮೈತೂಕದ ಹತ್ತನೇ ಒಂದು ಭಾಗ ಮೀರದಿರಲಿ.

ನಿಮ್ಮ ನಾದಿನಿಗೆ ಆಸ್ಟಿಯೋಪತಿ ಉಪಯೋಗವಾಗಬಹುದು. ಬಸಿರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಕೀಲಿನ ಕಟ್ಟುಗಳು ಸಡಿಲವಾಗುತ್ತವೆ, ಹೊಟ್ಟೆಯ ಭಾರ ಮುಂದಕ್ಕೆ ಬರುತ್ತದೆ, ಮೇಲೆ ಪಕ್ಕೆಲುಬು ಅಗಲವಾಗುತ್ತದೆ. ನೋವಿಗೆ ಕೊಡಬಹುದಾದ ಮಾತ್ರೆಗಳೂ ಕಡಿಮೆ. ಟೆಕ್ಸಾಸ್‌ನಲ್ಲಿ ಕೊನೆಯ ಮೂರು ತಿಂಗಳಲ್ಲಿದ್ದ 400 ಗರ್ಭಿಣಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಆರೈಕೆಯಷ್ಟೇ ಪಡೆದವರಿಗಿಂತ ಆಸ್ಟಿಯೋಪತಿಯನ್ನೂ ಪಡೆದವರ ಬೆನ್ನುನೋವು ಕಡಿಮೆಯಿತ್ತು, ಓಡಾಟವೂ ಅಷ್ಟಾಗಿ ಕುಂದಲಿಲ್ಲ. ಜೊತೆಗೆ ಇದನ್ನೂ ಹೇಳಬೇಕು: ಅಲ್ಟ್ರಾಸೌಂಡ್ ಚಿಕಿತ್ಸೆಯೆಂದು ಹೇಳಿ ಯಂತ್ರವನ್ನು ಬರಿದೇ ಮೈಮೇಲೆ ಆಡಿಸಿದ ಮತ್ತೊಂದು ಗುಂಪಿಗೂ ಹೆಚ್ಚು ಕಡಿಮೆ ಅಷ್ಟೇ ಆರಾಮವಾಯಿತು. ಬಸುರಿಯೊಬ್ಬಳಿಗೆ ಅರ್ಧ ಗಂಟೆ ಯಾರಾದರೂ ಪೂರ್ತಿ ಗಮನ ಕೊಡುವುದಕ್ಕೂ ನೋವನ್ನು ಇಳಿಸುವ ಶಕ್ತಿಯಿದೆ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಮನೆಯವರಾದ ನೀವೂ ಅದನ್ನು ಕೊಡಬಹುದು.

ಪಕ್ಕಕ್ಕೆ ಮಲಗಿಸಿ ಮಾಡುವ ಮೃದುವಾದ ಚಿಕಿತ್ಸೆ ಸಾಕು, ಝಟ್ಟನೆ ತಿರುಚುವುದು ಬೇಡ. ಅವಳ ಹೆರಿಗೆ ವೈದ್ಯರಿಗೆ ತಿಳಿಸಿಯೇ ಹೋಗಲಿ. ರಾತ್ರಿ ಪಕ್ಕಕ್ಕೆ ಮಲಗಲಿ, ಎರಡು ಮೊಣಕಾಲುಗಳ ನಡುವೆ ದಿಂಬಿರಲಿ. ಕಿಬ್ಬೊಟ್ಟೆಯ ಕೆಳಗೆ, ಮುಂಭಾಗದ ಮೂಳೆಯ ಸಂದಿಯಲ್ಲಿ ನೋವಿದ್ದರೆ ಒಂಟಿ ಕಾಲಲ್ಲಿ ನಿಂತು ಬಟ್ಟೆ ಹಾಕಿಕೊಳ್ಳುವುದು ಬೇಡ, ಆಟೋದಿಂದ ಇಳಿಯುವಾಗ ಎರಡೂ ಕಾಲು ಜೋಡಿಸಿ ತಿರುಗಿ ಇಳಿಯಲಿ. ಮಗುವನ್ನು ತಿರುಗಿಸುತ್ತೇವೆ, ಸುಖಪ್ರಸವ ಖಚಿತ ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ರಕ್ತ ಕಾಣಿಸಿದರೆ, ನೀರು ಹೋದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ನೇರವಾಗಿ ಹೆರಿಗೆ ಆಸ್ಪತ್ರೆಗೆ ಹೋಗಬೇಕು. 1935ರಿಂದ ಹೆಂಗಸರನ್ನೂ ಮಕ್ಕಳನ್ನೂ ನೋಡುತ್ತಿರುವ ವಾಣಿ ವಿಲಾಸ ಆಸ್ಪತ್ರೆ ನಮ್ಮ ಊರಿನಲ್ಲೇ ಇದೆ, ಖರ್ಚಿಗೆ ಹೆದರಿ ತಡ ಮಾಡಬೇಡಿ.

ಬಾಣಂತನ ನಿಮ್ಮ ಮನೆಯಲ್ಲೇ ಆಗುತ್ತದೆ ಎಂದಮೇಲೆ ಎರಡು ಮಾತು. ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಮನೆಗೆಲಸದಿಂದ ಬಿಡುವು, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಇವೆಲ್ಲ ನಮ್ಮವರು ಕಂಡುಕೊಂಡ ದೊಡ್ಡ ಆರೈಕೆಗಳು. ಸಿಸೇರಿಯನ್ ಆದರೆ ಎಣ್ಣೆಸ್ನಾನಕ್ಕೆ ಹೊಲಿಗೆ ಒಣಗುವವರೆಗೆ ಕಾಯಿರಿ. ಬಾಣಂತಿಗೆ ನೀರು ಕೊಡಬಾರದು ಎಂಬ ಪದ್ಧತಿಯನ್ನು ಮಾತ್ರ ಕೈಬಿಡಿ, ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಹೊಟ್ಟೆಗೆ ಬಟ್ಟೆಯನ್ನು ಆಸರೆಗೆ ಬೇಕಾದಷ್ಟು ಸಡಿಲವಾಗಿ ಕಟ್ಟಿ. ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿದರೆ ಒತ್ತಡ ಕೆಳಗಿಳಿದು ತಳದ ಸ್ನಾಯುಗಳನ್ನೇ ಜಗ್ಗುತ್ತದೆ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲು ಬಿಡಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆ ಸೇರಬೇಕು. ಮಗುವಿನ ತಲೆಯನ್ನು ಒತ್ತಿ ದುಂಡಗೆ ಮಾಡುವುದನ್ನು ಅಜ್ಜಿಯರೂ ಮಾಡಬಾರದು, ಆಸ್ಟಿಯೋಪತಿಯವರೂ ಮಾಡಬಾರದು.

ನಿಮ್ಮ ಅತ್ತೆಯ ಬಗ್ಗೆ ನನಗೆ ಹೆಚ್ಚಿನ ಕಾಳಜಿ. ನಮ್ಮ ದೇಶದ ಹೆಂಗಸರಲ್ಲಿ ಸರಾಸರಿ 46–47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲೇ. ಈಸ್ಟ್ರೋಜನ್ ಇಳಿದ ಮೇಲೆ ಮೂಳೆ ವೇಗವಾಗಿ ಟೊಳ್ಳಾಗುತ್ತದೆ. 64ರಲ್ಲಿ ಬಾಗುತ್ತಿರುವ ಬೆನ್ನು ಬರೀ ವಯಸ್ಸಿನದಾಗಿರಬೇಕಿಲ್ಲ. ಬೆನ್ನುಮೂಳೆಯ ಬಿಲ್ಲೆಗಳು, ಅಂದರೆ ಒಂದರ ಮೇಲೊಂದು ಕೂತಿರುವ ಮೂಳೆಗಳು, ಸದ್ದಿಲ್ಲದೆ ಕುಸಿದಿರಬಹುದು, ಬಿದ್ದ ನೆನಪೂ ಇರುವುದಿಲ್ಲ. ಹಿಂದೆ ಹೀಗೆಯೇ ಬೆನ್ನುನೋವೆಂದು ಬಂದ ಹಿರಿಯರೊಬ್ಬರು, ಹತ್ತು ವರ್ಷದ ಹಿಂದೆ ಹೊಲಿಸಿದ ಒಳಲಂಗ ಈಗ ನೆಲ ಮುಟ್ಟುತ್ತದೆ, ಬಟ್ಟೆ ಹಿಗ್ಗಿರಬೇಕು ಎಂದರು. ಹತ್ತಿ ಬಟ್ಟೆ ಒಗೆದಂತೆಲ್ಲ ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಎಕ್ಸ್‌ರೇಯಲ್ಲಿ ಎರಡು ಬಿಲ್ಲೆಗಳು ಕುಸಿದಿದ್ದವು. ಅಂಥ ಬೆನ್ನನ್ನು ಯಾರಾದರೂ ಮಂಡಿಯೂರಿ ಒತ್ತಿದ್ದರೆ ಮೂರನೆಯದೂ ಮುರಿಯುತ್ತಿತ್ತು.

ಆದ್ದರಿಂದ ಅವರಿಗೆ ಮೊದಲು ಮೂಳೆಯ ಸಾಂದ್ರತೆ ತೋರಿಸುವ ಡೆಕ್ಸಾ ಪರೀಕ್ಷೆ, ವಿಟಮಿನ್ ಡಿ, ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳು ಆಗಲಿ. ಅಗತ್ಯವಿದ್ದರೆ ಮೂಳೆ ಗಟ್ಟಿಯಾಗಿಸುವ ಔಷಧಿಗಳಿವೆ. ಆಮೇಲೆ ಮೃದುವಾದ ಕೈಚಿಕಿತ್ಸೆ ಎದೆಗೂಡನ್ನು ಸಡಿಲಿಸಿ ಉಸಿರಾಟಕ್ಕೆ, ಭುಜಕ್ಕೆ ಆರಾಮ ಕೊಡಬಹುದು. ಕತ್ತನ್ನು ತಿರುಚಿ ಲಟಕ್ ಎನ್ನಿಸುವುದು ಅವರಿಗೆ ಖಂಡಿತ ಬೇಡ. ಕ್ಷೌರದಂಗಡಿಯಲ್ಲಿ ಹಾಗೆ ಮಾಡಿಸಿಕೊಂಡು ರಕ್ತನಾಳ ಹರಿದು ಪಾರ್ಶ್ವವಾಯುವಾದ ಪ್ರಕರಣ ನಮ್ಮ ರಾಜ್ಯದಲ್ಲೇ ವರದಿಯಾಗಿದೆ. ಊಟದಲ್ಲಿ ರಾಗಿಮುದ್ದೆ ಇರಲಿ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಡುಗೆಮನೆಯ ಕಟ್ಟೆ ಹಿಡಿದು ದಿನವೂ ಹತ್ತು ಸಲ ಹಿಮ್ಮಡಿ ಎತ್ತಿ ಇಳಿಸಲಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಲಿ. ಬೀಳದಂತೆ ನೋಡಿಕೊಳ್ಳುವುದೇ ಈ ವಯಸ್ಸಿನಲ್ಲಿ ಮೂಳೆಗೆ ದೊಡ್ಡ ರಕ್ಷಣೆ. ಇನ್ನೊಂದು ಮಾತನ್ನು ನೀವೇ ಮೆಲ್ಲಗೆ ಕೇಳಿ, ಅವರಾಗಿ ಹೇಳಲಿಕ್ಕಿಲ್ಲ: ಮುಟ್ಟು ನಿಂತು ವರ್ಷಗಳಾದ ಮೇಲೆ ಒಂದು ಹನಿ ರಕ್ತ ಕಾಣಿಸಿದ್ದರೂ ಸ್ತ್ರೀರೋಗ ತಜ್ಞರಿಗೆ ತಕ್ಷಣ ತೋರಿಸಬೇಕು.

ಮನೆಯ ಯಾರಿಗೇ ಆಗಲಿ, ಬೆನ್ನುನೋವಿನ ಜೊತೆ ಕೂರುವ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಕಾಲಿನ ಬಲ ಕುಗ್ಗಿದರೆ ಅದು ತುರ್ತು ಚಿಕಿತ್ಸೆಯ ವಿಷಯ. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ನನ್ನಂಥವರ ಬಳಿ ಬರುವ ಮೊದಲು ವೈದ್ಯರು ನೋಡಬೇಕು.

ನಿಮಗೆ ಎಷ್ಟು ಸಿಟ್ಟಿಂಗ್ ಬೇಕು ಎಂಬ ಪ್ರಶ್ನೆಗೆ ನನ್ನ ಲೆಕ್ಕ ಹೀಗಿದೆ. ಇವತ್ತೇ ಒಂದು ಹಾಳೆಯಲ್ಲಿ ಮೂರು ಸಂಗತಿ ಬರೆದಿಡಿ: ಎಷ್ಟು ಹೊತ್ತು ಕುಳಿತರೆ ಸೊಂಟ ಹಿಡಿಯುತ್ತದೆ, ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ವಾರದಲ್ಲಿ ಎಷ್ಟು ಸಲ ಸೋರುತ್ತದೆ. ವಾರಕ್ಕೊಮ್ಮೆಯಂತೆ ನಾಲ್ಕು ಭೇಟಿ, ಪ್ರತಿ ಸಲದ ಹಣ ಆ ಸಲಕ್ಕೇ ಕೊಡಿ, ಮನೆಯಲ್ಲಿ ವ್ಯಾಯಾಮ ತಪ್ಪಿಸಬೇಡಿ. ನಾಲ್ಕನೆಯ ಭೇಟಿಯ ಹೊತ್ತಿಗೆ ಮೊದಲ ಎರಡು ಸಂಖ್ಯೆಗಳು ಕದಲದಿದ್ದರೆ ನಿಲ್ಲಿಸಿ, ಬೇರೆ ಕಾರಣ ಹುಡುಕಬೇಕು. ಮೂರನೆಯದಕ್ಕೆ ಮೂರು ತಿಂಗಳು ಕೊಡಿ.

ಅತ್ತೆಯ ವಿಷಯದಲ್ಲಿ ಮಾತ್ರ ಕಾಯಬೇಡಿ. ಇಂದು ಸಂಜೆಯೇ ಚಪ್ಪಲಿ ಬಿಡಿಸಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ ಅಳೆಯಿರಿ. ಹರೆಯದಲ್ಲಿ ಎಷ್ಟು ಎತ್ತರವಿದ್ದರು ಎಂದು ನಿಮ್ಮ ಮಾವನವರನ್ನೋ, ಹಳೆಯ ದಾಖಲೆಗಳನ್ನೋ ಕೇಳಿ ನೋಡಿ. ನಾಲ್ಕು ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಈ ವಾರವೇ ಮೂಳೆ ತಜ್ಞರ ಬಳಿ ಕರೆದುಕೊಂಡು ಹೋಗಿ.